ಅಂಗಾಲಿನ ಕೆಮ್ಮಣ್ಣು

ಭಾದ್ರಪದ ಬಹುಳ ಪಂಚಮಿ, ಶುಕ್ರವಾರ. ಸರ್ಕಾರದ ಫಸಲಿ ಪಂಚಾಂಗದ ಲೆಕ್ಕದಲ್ಲಿ ಆಬಾನ ತಿಂಗಳು. ಮಧ್ಯಾಹ್ನ ಹನ್ನೆರಡು ಗಂಟೆ ಹದಿನೈದು ನಿಮಿಷ. ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ನನ್ನ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ನೀಲಮ್ಮ, ಮತ್ತು ಕಮಲಾಪುರದಿಂದ ಮೋಟಾರಿನಲ್ಲಿ ಆಗ ತಾನೇ ಬಂದಿಳಿದ ನನ್ನ ಹಳೆಯ ಗೆಳೆಯ ಸಿದ್ರಾಮ.

ಮನೆಗೆ ಗೆಳೆಯ ಬಂದದ್ದನ್ನೂ ಹೀಗೆ ಹಾಜರಿ ಹಾಕಿ ಬರೆಯಬೇಕೆ ಎಂದು ನೀವು ನಗಬಹುದು. ಸರ್ಕಾರಿ ಶಾಲೆಯಲ್ಲಿ ಕಸರತ್ತಿನ ಮಾಸ್ತರನಾಗಿ ಹೊಟ್ಟೆ ಹೊರೆದವನ ಚಾಳಿ ಇದು. ನೌಕರಿ ಮುಗಿದು ಮೂರು ವರ್ಷವಾದರೂ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಸಾಮು, ಆರಕ್ಕೆ ಸ್ನಾನ, ಎಂಟಕ್ಕೆ ರೊಟ್ಟಿ. ಸಂಜೆ ನಾಲ್ಕಕ್ಕೆ ಸ್ಟೇಶನ್ನಿಗೆ ನಡೆದು ಹೋಗಿ ಅಲ್ಲಿಯ ದೊಡ್ಡ ಗಡಿಯಾರಕ್ಕೂ ನನ್ನ ಕಿಸೆಯ ಗಡಿಯಾರಕ್ಕೂ ತಾಳೆ ನೋಡಿ ಬರುತ್ತೇನೆ. ನನ್ನ ತಲೆ ಕಂಡರೆ ಅಲ್ಲಿಯ ಹಮಾಲರಿಗೆ ಚಹಾದ ಹೊತ್ತಾಯಿತೆಂದು ಅರ್ಥ. "ನೀವು ಗಡಿಯಾರ ನೋಡಿ ಸರಿ ಆಗ್ತೀರೋ, ಗಡಿಯಾರ ನಿಮ್ಮನ್ನ ನೋಡಿ ಸರಿ ಆಗ್ತದೋ, ದೇವರಿಗೇ ಗೊತ್ತು" ಎನ್ನುವುದು ನೀಲಮ್ಮನ ಮಾತು. ರಾತ್ರಿ ಒಂಬತ್ತಕ್ಕೆ ದೀಪ ಆರಿಸುತ್ತೇನೆ. ಅಲ್ಲಿಂದ ಮುಂದಿನದು ಮಾತ್ರ ನನ್ನ ಹತೋಟಿಗೆ ಸಿಕ್ಕಿಲ್ಲ. ಹಾಸಿಗೆಗೆ ಹೋಗುವುದು ಶಿಸ್ತು. ನಿದ್ದೆ ಬರುವುದು ಶಿಸ್ತಲ್ಲ. ಇದನ್ನು ತಿಳಿಯಲು ನನಗೆ ಇಡೀ ಆಯುಷ್ಯ ಹಿಡಿಯಿತು.

ಸಿದ್ರಾಮ ವರ್ಷಕ್ಕೊಮ್ಮೆ ಬರುತ್ತಾನೆ. ಒಂದು ಗೊನೆ ಕೆಂಬಾಳೆ ತರುತ್ತಾನೆ, ಒಂದು ಹಗಲು ಇರುತ್ತಾನೆ, ಮರುದಿನ ಹೊರಡುತ್ತಾನೆ. ಕಮಲಾಪುರದ ಬಾಳೆತೋಟಗಳನ್ನು ರಾತ್ರಿ ಕಾಯುವುದು ಅವನ ಉದ್ಯೋಗ. ಇವತ್ತು ಊರು ಬಿಡುವ ಮೊದಲೇ ಮೋಟಾರಿನ ಗಾಲಿ ಕೆಸರಿನಲ್ಲಿ ಹೂತಿತಂತೆ. ಎಲ್ಲರೂ ಇಳಿದು ನೂಕಿದರಂತೆ. ಇವನ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಒಂಟಿ ಚಪ್ಪಲಿಯಿಂದ ಏನು ಉಪಯೋಗವೆಂದು ಇನ್ನೊಂದನ್ನೂ ಅಲ್ಲೇ ಒಗೆದು ಬರಿಗಾಲಲ್ಲಿ ಬಂದಿದ್ದ. ನೀಲಮ್ಮ ತಂಬಿಗೆಯಲ್ಲಿ ನೀರು ತಂದು ನಿಂತಳು.

"ಅಣ್ಣಾರ, ಕಾಲಿಗಿ ನೀರು ತಗೋರಿ. ರೊಟ್ಟಿ ಬಿಸಿ ಅವ."

"ತಂಗಿ, ರೊಟ್ಟಿ ಎಲ್ಲಿ ಓಡಿ ಹೋಗ್ತಾವ? ರಾತ್ರಿ ಪೂರಾ ಹಂದಿ ಕಾಯ್ದೀನಿ. ಮೊದಲ ಬೆನ್ನ ಹಾಸ್ತೀನಿ. ಹೊರಸಿಗಿ ಮಣ್ಣು ಹತ್ತೀತಂತ ಬೈಬ್ಯಾಡ ಮತ್ತ."

"ನಾ ಬೈಯಲ್ರೀ. ಬೈಯೋರು ಅಲ್ಲಿ ಕುಂತಾರ ನೋಡ್ರಿ, ಗಡಿಯಾರ ಹಿಡ್ಕೊಂಡು."

ಅವನು ನಕ್ಕು ಹೊರಸಿನ ಮೇಲೆ ಉದ್ದಕ್ಕೆ ಒರಗಿದ. ಕಾಲು ನನ್ನ ಕಡೆಗೆ ಬಂದವು. ಎರಡೂ ಅಂಗಾಲಿಗೆ ಕಮಲಾಪುರದ ಕೆಮ್ಮಣ್ಣು ಮೆತ್ತಿ ಒಣಗಿ ಪದರವಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಅವನ ಕಣ್ಣಿಗೂ ಬಿದ್ದಿರಬೇಕು. ಬಲಗಾಲು ಸ್ವಲ್ಪ ಎತ್ತಿ, "ಏ ಮಾಣಿಕಾ, ನೋಡಪಾ, ಸಾಬೂತ ಅದನೋ, ಫೂಟಾ ಆಗ್ಯಾದೋ?" ಎಂದ.

ನೀಲಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ. ಗಂಡಸರ ಹುಡುಗಾಟ ಎಂದುಕೊಂಡು ಒಳಗೆ ಹೋದಳು. ನಾನು ಕೊಡಬೇಕಾದ ಉತ್ತರ ಮೂವತ್ತೆಂಟು ವರ್ಷದಿಂದ ಬಾಕಿ ಇತ್ತು.

ಕಮಲಾಪುರದ ಮಣ್ಣಿನ ವಿಚಾರ ಮೊದಲು ಹೇಳಬೇಕು. ಕಲಬುರಗಿಯ ಕಪ್ಪು ಎರೆಮಣ್ಣು ಹಸಿಯಾದರೆ ಚಪ್ಪಲಿಯನ್ನು ಕಸಿದುಕೊಳ್ಳುತ್ತದೆ, ಒಣಗಿದರೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದಕ್ಕೆ ಎರಡೇ ಸ್ವಭಾವ. ನಮ್ಮ ಊರಿನ ಕೆಮ್ಮಣ್ಣು ಹಾಗಲ್ಲ. ಜರಡಿ ಹಿಡಿದು, ಮಜ್ಜಿಗೆ ಅರಿಸಿನ ಬೆರೆಸಿದರೆ ಗರಡಿಯ ಅಂಕಣಕ್ಕೆ ಹಾಸಿಗೆಯಂಥ ಮಣ್ಣಾಗುತ್ತದೆ. ಅದರಲ್ಲಿ ಬಿದ್ದವನಿಗೆ ಸೋಲು ತಾಗೀತು, ನೆಲ ತಾಗಲಾರದು. ಚಿಕ್ಕವನಿದ್ದಾಗ ನನ್ನ ಧೋತರ, ಬನೀನು, ಬೆವರು ಎಲ್ಲ ಅದೇ ಬಣ್ಣದವು. ಅವ್ವ ಹಳೆಯ ಸೀರೆಗಳಿಂದ ಹೊಲಿದ ಕೌದಿಗೂ ಅದೇ ಬಣ್ಣ ಹತ್ತಿ, ಎಷ್ಟು ಒಗೆದರೂ ಬಿಡದೆ, ಕೊನೆಗೆ ಅವಳು "ಇದು ಕೌದಿ ಅಲ್ಲ, ಬಾಳೀ ತ್ವಾಟ" ಎಂದು ನನಗೇ ಬಿಟ್ಟುಕೊಟ್ಟಿದ್ದಳು.

ಗರಡಿಯಲ್ಲಿ ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಮದಾರಸಾಬರು. ಅರವತ್ತು ದಾಟಿದ್ದ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯನ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೆಗಲು ಮುಟ್ಟಿದರೆ ಇವನು ಇಂಥವನು, ನಿನ್ನೆ ಇಷ್ಟು ಬಸ್ಕಿ ಹೊಡೆದಿದ್ದಾನೆ, ಇವತ್ತು ಇಷ್ಟು ಕಳ್ಳಬಿದ್ದಿದ್ದಾನೆ ಎಂದು ಹೇಳುತ್ತಿದ್ದರು. ಬೇರೆ ವಸ್ತಾದರು ಹಾಲು, ತುಪ್ಪ, ಬದಾಮಿಯ ಮಾತಾಡಿದರೆ ಇವರದು ಒಂದೇ ಮಾತು.

"ಕಸರತ್ತು ಮೈ ಮುರೀತದ, ಬೇಟಾ. ಮುರದದ್ದನ್ನ ಜೋಡಸೋದು ಹಾಲೂ ಅಲ್ಲ, ಬದಾಮೂ ಅಲ್ಲ. ನಿದ್ದಿ. ನೀಂದ್ ಭೀ ಕಸರತ್ ಹೈ. ಮಲಗಲಾಕ ಬರಲಾರದಂವಗ ಎದ್ದು ನಿಂದರಲಾಕೂ ಬರಲ್ಲ."

ನಿದ್ದೆಯೂ ಒಂದು ಕಸರತ್ತು ಎಂಬ ಮಾತನ್ನು ನಾವು ಆರು ಮಂದಿ ಶಿಷ್ಯರು ಗೌರವದಿಂದ ಕೇಳಿ, ರಾತ್ರಿಯಾದರೆ ಪಕ್ಕದೂರಿನ ದೊಡ್ಡಾಟಕ್ಕೆ ಓಡುತ್ತಿದ್ದೆವು. ಬೆಳಗಿನವರೆಗೆ ರಾಕ್ಷಸರ ಕುಣಿತ ನೋಡಿ, ಬಂದು ತೂಕಡಿಸುತ್ತ ಸಾಮು ಹೊಡೆಯುತ್ತಿದ್ದೆವು. ಒಬ್ಬ ಸಾಮಿನಲ್ಲಿ ಕೆಳಗೆ ಬಾಗಿದವನು ಮೇಲೆ ಏಳಲೇ ಇಲ್ಲ; ನೋಡಿದರೆ ಮಣ್ಣಿಗೆ ಮೂಗು ಹಚ್ಚಿ ಗೊರಕೆ ಹೊಡೆಯುತ್ತಿದ್ದ.

ಅದಕ್ಕೆ ವಸ್ತಾದರು ಕಂಡುಹಿಡಿದ ಉಪಾಯವೇ ಅಂಗಾಲಿನ ಮಣ್ಣು. ದೀಪ ಹಚ್ಚುವ ಹೊತ್ತಿಗೆ ನಾವು ಗರಡಿಯಲ್ಲಿ ಸಾಲಾಗಿ ಗೋಡೆಗೆ ತಲೆ ಮಾಡಿ ಮಲಗಬೇಕು. ಅವರು ಅಂಬಲಿಯಂತೆ ಕಲಸಿದ ಕೆಮ್ಮಣ್ಣಿನ ಮಡಕೆ ಹಿಡಿದು ಬಂದು ಪ್ರತಿಯೊಬ್ಬನ ಅಂಗಾಲಿಗೆ ತೆಳ್ಳಗೆ ಸವರುತ್ತಿದ್ದರು. ಕಚಗುಳಿ ತಡೆಯಲಾರದೆ ಒದ್ದಾಡಿದವನಿಗೆ ಮೊಳಕಾಲಿಗೆ ಒಂದು ಏಟು. ಮಣ್ಣು ಒಣಗಿ ಬಿಗಿಯುತ್ತಿತ್ತು. ರಾತ್ರಿ ಎದ್ದು ನೆಲಕ್ಕೆ ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಬಿರುಕು ಬೀಳುತ್ತಿತ್ತು. ಬೆಳಗಿನ ಜಾವ ತಪಾಸಣೆ. ಮಣ್ಣು ಇಡಿಯಾಗಿದ್ದರೆ "ಸಾಬೂತ". ಅವನಿಗೆ ಆ ದಿನ ಪೂರಾ ಕಸರತ್ತು. ಒಡೆದಿದ್ದರೆ "ಫೂಟಾ"; ಅವನಿಗೆ ಅರ್ಧ ಕಸರತ್ತು, ಆಮೇಲೆ ಬಾಳೆಯ ನೆರಳಿನಲ್ಲಿ ಮಲಗಬೇಕು. ಶಿಕ್ಷೆಯೆಂದರೆ ಹೆಚ್ಚು ದುಡಿಸುವುದು ಎಂದು ತಿಳಿದಿದ್ದ ನಮಗೆ ಈ ನ್ಯಾಯ ವಿಚಿತ್ರವಾಗಿ ಕಂಡಿತು. ಈಗ ಅನಿಸುತ್ತದೆ, ನಾನು ಕಂಡ ಗುರುಗಳಲ್ಲಿ ದಣಿದವನಿಗೆ ಕಡಿಮೆ ಕೆಲಸ ಕೊಟ್ಟವರು ಅವರೊಬ್ಬರೇ.

ನಮ್ಮಲ್ಲಿ ಕಲ್ಯಾಣಿ ಎಂಬ ಒಬ್ಬ ಚಾಲಾಕಿ ಇದ್ದ. ಅವನು ರಾತ್ರಿ ಕಾಲು ಮೇಲೆ ಮಾಡಿ ಕೈಯ ಮೇಲೆ ನಡೆದು ತೋಟಕ್ಕೆ ಹೋಗಿ ಹಣ್ಣು ತಿಂದು ಬರುತ್ತಿದ್ದ. ಅಂಗಾಲು ಸಾಬೂತ! ಒಂದು ದಿನ ವಸ್ತಾದರು ಅವನ ಅಂಗೈ ಮೂಸಿ ನೋಡಿ, "ಮಗನ, ಹಿಂಗ ನಡೀಲಾಕ ಬರ್ತದಂದ್ರ ಕುಸ್ತಿ ಯಾಕ ಕಲೀತಿ, ಸರ್ಕಸ್ಸಿಗಿ ಹೋಗು" ಎಂದು ಅವತ್ತು ಇಡೀ ಹಗಲು ಅಂಗೈಯ ಮೇಲೆಯೇ ನಡೆಸಿದರು.

ತಪಾಸಣೆಗೆ ಕಣ್ಣು ಬೇಕಲ್ಲ? ಆ ಕೆಲಸ ನನಗೆ ಬಂತು. ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವ, ಹೊತ್ತಿಗೆ ಸರಿಯಾಗಿ ಏಳುವವ, ಹೇಳಿದ್ದನ್ನು ಹೇಳಿದಷ್ಟೇ ಮಾಡುವವ. ಬೆಳಗಿನ ಜಾವ ಗರಡಿಯ ಹಣಮಪ್ಪ ದೇವರ ಗೂಡಿನ ದೀಪ ತೆಗೆದುಕೊಂಡು ಸಾಲಿನ ಕಾಲ ಕಡೆಯಿಂದ ಬಗ್ಗಿ ನಡೆಯುತ್ತ ಹತ್ತು ಅಂಗಾಲು ನೋಡಿ ಕೂಗುವುದು. ನನ್ನವನ್ನು ಎದ್ದು ಹೆಜ್ಜೆ ಇಡುವ ಮೊದಲೇ ಮುಟ್ಟಿ ನೋಡಿಕೊಂಡು ನಾನೇ ಕೂಗಿಕೊಳ್ಳುತ್ತಿದ್ದೆ. ಒಮ್ಮೆ ನನಗೆ ನಾನೇ "ಫೂಟಾ" ಎಂದು ಕೂಗಿಕೊಂಡೆ. ಅದಕ್ಕೆ ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ನನಗೋ ನನ್ನ ಪ್ರಾಮಾಣಿಕತೆಯ ಮೇಲೆ ಅಪಾರ ಹೆಮ್ಮೆ.

ಆ ವರ್ಷ ಕಲಬುರಗಿಯ ಒಂದು ದೊಡ್ಡ ಮನೆತನದವರು ತಮ್ಮ ತಾಲೀಮಿನ ಮನೆಗೆ ಕಮಲಾಪುರದ ಒಬ್ಬ ಪೈಲ್ವಾನನನ್ನು ಇಟ್ಟುಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಊಟ, ಹಾಲು, ಇರಲು ಖೋಲಿ, ಮನೆಯವರಿಗೆ ತಿಂಗಳಿಗಿಷ್ಟು ಜೋಳ. ವಸ್ತಾದರು ನಲವತ್ತು ದಿನ ನಮ್ಮೆಲ್ಲರನ್ನೂ ಗರಡಿಯಲ್ಲೇ ಇಟ್ಟು ಕಡೆಗೆ ಒಬ್ಬನನ್ನು ಆರಿಸುತ್ತೇನೆ ಎಂದರು. ಅಂಗಾಲಿಗೆ ಮಣ್ಣು ಸವರುವುದು ಶುರುವಾದದ್ದು ಆಗಲೇ; ಅದುವರೆಗೆ ರಾತ್ರಿ ನಾವು ನಮ್ಮ ನಮ್ಮ ಮನೆಗೆ ಹೋಗುತ್ತಿದ್ದೆವು. ಆ ಒಬ್ಬ ಸಿದ್ರಾಮನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನಷ್ಟು ಚಂದದ ಕುಸ್ತಿ ನಾನು ಇದುವರೆಗೆ ನೋಡಿಲ್ಲ. ಅವನಿಗೆ ಆ ಅನ್ನ ಬೇಕೂ ಆಗಿತ್ತು. ಅಪ್ಪನಿಲ್ಲದ ಮನೆ. ಅವ್ವ ತೋಟದ ಗೊನೆಗಳನ್ನು ತಲೆಯ ಮೇಲೆ ಹೊತ್ತು ಹೊತ್ತು ಅವಳ ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಹಗಲು ಅವನೂ ಅದೇ ತೋಟದ ಕೂಲಿ. "ಒಮ್ಮಿ ಕಲಬುರ್ಗಿಗಿ ಹೋದ್ರ ನಮ್ಮವ್ವನ ತಲಿ ಮ್ಯಾಲಿನ ಸಿಂಬಿ ತಗದು ಒಲಿಗಿ ಹಾಕ್ತೀನಿ ನೋಡು" ಎನ್ನುತ್ತಿದ್ದ. ಅವನ ನಂತರದವನು ನಾನು. ಅದೂ ಎಲ್ಲರಿಗೂ ಗೊತ್ತಿತ್ತು.

ಮೊದಲ ವಾರದಿಂದಲೇ ಸಿದ್ರಾಮನ ಅಂಗಾಲು ನೋಡಿ ನಾನು ಬೆರಗಾದೆ. ನಿದ್ದೆಯಲ್ಲಿ ಮನುಷ್ಯ ಹೊರಳುತ್ತಾನೆ, ಕೌದಿ ಒದೆಯುತ್ತಾನೆ, ಕಾಲಿಗೆ ಕಾಲು ತಿಕ್ಕುತ್ತಾನೆ. ಹಾಗಾಗಿ ಉಳಿದವರ ಮಣ್ಣು ನಡುವೆ ಇಡಿಯಾಗಿದ್ದರೂ ಅಂಚಿನಲ್ಲಿ ಉದುರಿರುತ್ತಿತ್ತು. ಸಿದ್ರಾಮನದು ಅಂಚೂ ಉದುರಿರುತ್ತಿರಲಿಲ್ಲ. ವಸ್ತಾದರ ಬೆರಳಿನ ಗೆರೆಗಳು ಸಂಜೆ ಹೇಗೆ ಮೂಡಿದ್ದವೋ ಬೆಳಿಗ್ಗೆ ಹಾಗೆಯೇ. ನಾನು ದೀಪ ಹಿಡಿದು ಎಲ್ಲರನ್ನೂ ಕರೆದು ತೋರಿಸಿದೆ. "ನೋಡ್ರಲೇ, ನಿದ್ದಿ ಅಂದ್ರ ಇದು!" ವಸ್ತಾದರು ಬೆರಳಿಂದ ಮುಟ್ಟಿ ನೋಡಿ ತಲೆದೂಗಿದರು. ಅವತ್ತಿನಿಂದ ಅವನ ಬಸ್ಕಿಯ ಎಣಿಕೆ ಏರಿತು. ಚೆನ್ನಾಗಿ ಮಲಗಿದವನು ಚೆನ್ನಾಗಿ ದುಡಿಯಬಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

ಮೂರನೆಯ ವಾರಕ್ಕೆ ಅವನ ಗಲ್ಲ ಇಳಿದವು. ಬೆಲ್ಲದ ಹಾಲನ್ನು ಅರ್ಧಕ್ಕೇ ಬಿಡುತ್ತಿದ್ದ. "ಜ್ವರ ಬಂದಾವೇನೋ?" ಎಂದು ಕೇಳಿದೆ. "ಇಲ್ಲಪಾ, ಬೆಳೀಲಾಕತ್ತೀನಿ" ಎಂದು ನಕ್ಕ.

ಇಪ್ಪತ್ತೊಂದನೆಯ ದಿನ ನಾನು ದಿನಕ್ಕಿಂತ ಸ್ವಲ್ಪ ಮೊದಲೇ ಎದ್ದೆ. ದೀಪ ಹಿಡಿದು ಸಾಲಿನ ಕಾಲ ಕಡೆಗೆ ಹೋಗುವ ಬದಲು, ಯಾಕೋ, ತಲೆಯ ಕಡೆಯಿಂದ ಬಂದೆ. ಸಿದ್ರಾಮನ ಕಣ್ಣು ತೆರೆದಿದ್ದವು. ಆಗ ತಾನೇ ಎದ್ದವನ ಕಣ್ಣಲ್ಲ. ಇಡೀ ರಾತ್ರಿ ಮೇಲಿನ ಜಂತಿಯನ್ನು ನೋಡಿ ಕೆಂಪಾಗಿ ಒಣಗಿದ ಕಣ್ಣು. ಎರಡೂ ಕೈ ಎದೆಯ ಮೇಲೆ ಮುಷ್ಟಿ ಕಟ್ಟಿದ್ದವು. ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಆಮೇಲೆ ನಾನು ಕಾಲ ಕಡೆಗೆ ನಡೆದು ಹೋಗಿ, ಬಗ್ಗಿ, ಅಂಗಾಲು ನೋಡಿದೆ. ಗೆರೆಗೆ ಗೆರೆ ಇಡಿಯಾಗಿತ್ತು.

"ಸಾಬೂತ," ಎಂದು ಕೂಗಿದೆ.

ಯಾಕೆ ಕೂಗಿದೆ? ಇದನ್ನು ನಾನು ಎಷ್ಟೋ ಸಲ ನನ್ನನ್ನೇ ನಿಲ್ಲಿಸಿ ಕೇಳಿದ್ದೇನೆ. ನಿಯಮ ಅಂಗಾಲಿನದು, ಕಣ್ಣಿನದಲ್ಲ, ನಾನು ನಿಯಮದವನು. ಇದು ಒಂದು ಉತ್ತರ. ನಾನು ಎರಡನೆಯವನಾಗಿದ್ದೆ ಎಂಬುದು ಇನ್ನೊಂದು. ಇವುಗಳಲ್ಲಿ ಯಾವುದು ಎಷ್ಟು ಪಾಲು ಎಂದು ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಮುಂದಿನ ಹನ್ನೆರಡು ದಿನವೂ ನಾನು ಕಾಲ ಕಡೆಯಿಂದಲೇ ಹೋದೆ, ದೀಪವನ್ನು ತಗ್ಗಿಸಿ ಹಿಡಿದೆ, ಸಾಬೂತ ಎಂದೆ. ಇಷ್ಟು ಮಾತ್ರ ಖಚಿತವಾಗಿ ಹೇಳಬಲ್ಲೆ.

ಮೂವತ್ತಮೂರನೆಯ ದಿನ ಬೆಳಿಗ್ಗೆ ಅಂಕಣದಲ್ಲಿ ನನಗೂ ಅವನಿಗೂ ಜೋಡಿ. ಅವನು ಸಾಮು, ಬಸ್ಕಿ ಎಲ್ಲ ಪೂರಾ ಮಾಡಿ ಬಂದಿದ್ದ. ನಾನು ಅವನ ಕಂಕುಳಿಗೆ ಕೈ ಕೊಟ್ಟು ಬೆನ್ನ ಮೇಲಿಂದ ಎತ್ತಿ ಹಾಕುವ ಸಾದಾ ಪಟ್ಟು ಹಾಕಿದೆ. ಆ ಪಟ್ಟಿನಿಂದ ಅವನನ್ನು ನಾನು ಅದುವರೆಗೆ ಒಮ್ಮೆಯೂ ಎತ್ತಿದ್ದಿಲ್ಲ. ಎತ್ತಲು ಹೋದರೆ ಅವನು ನಗುತ್ತ ಜಾರಿಕೊಳ್ಳುತ್ತಿದ್ದ. ಅವತ್ತು ಜೋಳದ ಚೀಲದಂತೆ ಬಂದ. ಗಾಳಿಯಲ್ಲಿದ್ದಾಗಲೇ ನನಗೆ ತಿಳಿಯಿತು, ಇವನು ಇಲ್ಲಿಲ್ಲ. ನಿಂತಲ್ಲೇ ನಿದ್ದೆ ಹೋಗಿದ್ದ. ಬೀಳುವವನು ಕೈ ಮಡಚಿಕೊಳ್ಳಬೇಕು, ಗಲ್ಲ ಎದೆಗೆ ಒತ್ತಬೇಕು. ಅವನು ಏನೂ ಮಾಡಲಿಲ್ಲ. ಬಲಗೈ ಮೈಯ ಕೆಳಗೆ ಸಿಕ್ಕಿತು. ಆ ಸದ್ದನ್ನು ನಾನು ಬರೆಯುವುದಿಲ್ಲ.

ಎಲುಬು ಕೂಡಿಸುವವನು ಬಂದು ಹೆಗಲು ಎಳೆದು ಕಟ್ಟಿದ. ಅವನು ಎಳೆಯುವಾಗ ಚೀರಿದ ಸಿದ್ರಾಮ, ಕಟ್ಟು ಮುಗಿಯುವುದರೊಳಗೆ ಕಣ್ಣು ಮುಚ್ಚುತ್ತ ಬಂದ. ಅವನ ಅವ್ವ ತೋಟದಿಂದ ಸಿಂಬಿ ಸಮೇತ ಓಡಿ ಬಂದಳು. ಮಗನ ತಲೆಯ ಹತ್ತಿರ ಕುಳಿತು, ವಸ್ತಾದರಿಗೆ ಹೇಳಿದಳು.

"ಅಂವಗ ಯಾರರೆ ಬಾಜೂಕ ಎಚ್ಚರಿದ್ರೇ ನಿದ್ದಿ ಹತ್ತೋದ್ರೀ ಅಪ್ಪಾ. ಪಲೇಗಿನ ಬ್ಯಾನಿ ಬಂದ ವರ್ಷ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ವಿ. ಸಣ್ಣವಗ ಜ್ವರ. ನಾ ಎರಡ ರಾತ್ರಿ ಕುಂತು, ಮೂರನೇದ್ದು ಇಂವಗ ಹೇಳ್ದೆ, ತಮ್ಮನ ಕೈ ಹಿಡ್ಕೊಂಡು ಕುಂದರಪಾ, ನಿದ್ದಿ ಮಾಡಬ್ಯಾಡ ಅಂತ. ಒಂಬತ್ತ ವರ್ಷದ ಕೂಸು, ಎಷ್ಟಂತ ಕುಂದರ್ತದ? ಮುಂಜಾನೆ ಎದ್ದು ನೋಡ್ತಾನ, ಹಿಡದ ಕೈ ಥಣ್ಣಗಾಗ್ಯಾದ. ಅವತ್ತಿಂದ ಹಿಂಗೇ. ಮನ್ಯಾಗಾದ್ರ ನಾ ಕೂಡ್ತೀನಿ. ಇಲ್ಲಿ ಎಲ್ಲಾರೂ ಮಲಗ್ತೀರಿ…"

ವಸ್ತಾದರು ಸಿದ್ರಾಮನ ಪಕ್ಕ ಕುಳಿತು ಅವನ ಎಡಗೈ ಹುಡುಕಿದರು. ಮುಷ್ಟಿಯಾಗಿತ್ತು. ಬಿಡಿಸಲಿಲ್ಲ; ತಮ್ಮ ಕೈ ಅದರ ಮೇಲೆ ಇಟ್ಟುಕೊಂಡು ಕಾದರು. ಎಷ್ಟೋ ಹೊತ್ತಿನ ಮೇಲೆ ಆ ಬೆರಳುಗಳು ಒಂದೊಂದಾಗಿ ತಾವೇ ಬಿಚ್ಚಿಕೊಂಡವು. "ಈಗ ನಿದ್ದಿ ಹತ್ತ್ಯಾದ" ಎಂದರು. ಅವನು ಮರುದಿನ ಮಧ್ಯಾಹ್ನದವರೆಗೆ ಎದ್ದಿರಲಿಲ್ಲ. ಅವರೂ ಅಲ್ಲಿಂದ ಎದ್ದಿರಲಿಲ್ಲ.

ಆಮೇಲೆ ನನ್ನನ್ನು ಕರೆದರು. "ಬೇಟಾ, ನನಗ ಮಾರಿ ಕಾಣಂಗಿಲ್ಲ. ನಿನಗ ಕಾಣ್ತಿತ್ತು. ದಿನಾ ಕಾಲ ನೋಡ್ದಿ, ಒಂದಿನಾನೂ ಮಾರಿ ಯಾಕ ನೋಡ್ಲಿಲ್ಲ?"

"ನೀವು ಕಾಲ ನೋಡು ಅಂದಿದ್ರಿ," ಎಂದೆ.

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು, "ಹೌದು. ನಾನೇ ಹೇಳಿದ್ದೆ. ತಪ್ಪು ನಂದೇ" ಎಂದರು. ಎದ್ದು ಹೋಗಿ ಮಣ್ಣಿನ ಮಡಕೆಯನ್ನು ಅಂಗಳಕ್ಕೆ ಸುರಿದು ಬೋರಲು ಹಾಕಿದರು. ಒಂದು ಏಟು ಹೊಡೆದಿದ್ದರೆ ನಾನು ಇಷ್ಟು ವರ್ಷ ಎಚ್ಚರ ಇರುತ್ತಿರಲಿಲ್ಲವೇನೋ.

ಸಿದ್ರಾಮನ ಬಲಗೈ ಮತ್ತೆ ಕಿವಿಯ ಮೇಲಕ್ಕೆ ಏಳಲಿಲ್ಲ. ಕಲಬುರಗಿಗೆ ನಾನು ಬಂದೆ. ಕುಸ್ತಿಯಲ್ಲಿ ಮೂರು ಸಲ ಬೆನ್ನು ಮಣ್ಣಿಗೆ ಹಚ್ಚಿಸಿಕೊಂಡೆ. ನಾಲ್ಕನೆಯದಕ್ಕೆ ಕಾಯದೆ ಆ ಮನೆಯ ದಿವಾನಜಿ, "ಇವನಿಗೆ ಪಟ್ಟು ಬರುವುದಿಲ್ಲ, ಹೊತ್ತು ಚೆನ್ನಾಗಿ ಬರುತ್ತದೆ" ಎಂದು ಶಾಲೆಯ ಕಸರತ್ತಿನ ಮಾಸ್ತರಿಕೆಗೆ ಶಿಫಾರಸು ಮಾಡಿದರು. ನನ್ನ ನೌಕರಿ, ಈ ಮನೆ, ಹೊರಸು, ಗಡಿಯಾರ ಎಲ್ಲ ಆ ದಾರಿಯಿಂದ ಬಂದವು. ಸಿದ್ರಾಮನ ಅವ್ವ ಕೊನೆಯವರೆಗೆ ಗೊನೆ ಹೊತ್ತಳು. ಅವಳು ತೀರಿಕೊಂಡ ಮೇಲೆ ಪಕ್ಕದಲ್ಲಿ ಎಚ್ಚರ ಇರುವವರು ಯಾರೂ ಉಳಿಯದೆ ಅವನು ರಾತ್ರಿ ಕಾಯುವ ಕೆಲಸ ಹಿಡಿದ. "ಹ್ಯಾಂಗಿದ್ರೂ ನಿದ್ದಿ ಇಲ್ಲಲ್ಲ, ಇದಕ್ಕರೆ ಪಗಾರ ಬರ್ತದ" ಎಂದು ಅದನ್ನೂ ನಗೆ ಮಾಡಿಕೊಂಡ. ಮದುವೆಯ ಮಾತು ಬಂದಾಗ, ಹೆಂಡತಿಯನ್ನು ರಾತ್ರಿಯೆಲ್ಲ ಕೂಡಿಸಿಡುವುದು ಪಾಪ ಎಂದು ಬಿಟ್ಟನಂತೆ.

ಶಾಲೆಯಲ್ಲಿ ನಾನು ಒಂದು ರೂಢಿ ಇಟ್ಟುಕೊಂಡೆ. ಹುಡುಗರು ಸಾಲಿನಲ್ಲಿ ನಿಂತ ಮೇಲೆ ಒಬ್ಬೊಬ್ಬನ ಮುಖ ನೋಡುತ್ತಿದ್ದೆ. ಕಣ್ಣು ಭಾರವಾಗಿದ್ದವನನ್ನು ಕಸರತ್ತಿನಿಂದ ಬಿಡಿಸಿ ಬೇವಿನ ಮರದ ಕೆಳಗೆ ಮಲಗಿಸುತ್ತಿದ್ದೆ. ಹೆಡ್‌ಮಾಸ್ತರರು, "ಇದು ಕಸರತ್ತಿನ ತಾಸೋ, ಧರ್ಮಶಾಲೆಯೋ?" ಎಂದು ಎರಡು ಸಲ ಬರೆದು ಕೇಳಿದರು. ಹುಡುಗರು ಬಹಳ ಬೇಗ ಕಣ್ಣು ಭಾರ ಮಾಡಿಕೊಳ್ಳಲು ಕಲಿತರು. ಎಷ್ಟೋ ದಿನ ಮರದ ಕೆಳಗೇ ಹೆಚ್ಚು ಮಂದಿ ಇರುತ್ತಿದ್ದರು. ಮುಖ ನೋಡಿ ಮೋಸಹೋದದ್ದಕ್ಕೆ ನನಗೆ ಬೇಸರವಿಲ್ಲ.

ಇಷ್ಟೆಲ್ಲ ನನ್ನ ತಲೆಯಲ್ಲಿ ಓಡಿ ಮುಗಿಯುವಷ್ಟರಲ್ಲಿ ಹೊರಸಿನ ಮೇಲಿದ್ದವನು ಎತ್ತಿದ ಕಾಲು ಇಳಿಸಿ, "ಯಾಕೋ, ಮುನ್ಶಿಗಿ ಬಾಯಿ ಬರವಲ್ದು?" ಎಂದ. ಗರಡಿಯಲ್ಲಿ ನನಗೆ ಇಟ್ಟಿದ್ದ ಅಡ್ಡಹೆಸರು ಅದು.

ಕುರ್ಚಿಯನ್ನು ಅವನ ತಲೆಯ ಕಡೆಗೆ ಎಳೆದುಕೊಂಡೆ. ಪ್ರತಿ ವರ್ಷ ಹೇಳಬೇಕೆಂದುಕೊಂಡು, ಪ್ರತಿ ವರ್ಷ ಬಾಳೆಹಣ್ಣಿನ ಸಿಪ್ಪೆಯ ಜೊತೆ ಹೊರಗೆ ಹಾಕಿದ ಮಾತು.

"ಸಿದ್ರಾಮಾ, ಇಪ್ಪತ್ತೊಂದನೇ ದಿನ ನಾ ನಿನ್ನ ಕಣ್ಣ ನೋಡಿದ್ದೆ. ತೆರದಿದ್ವು. ನೀ ಮಲಗಿಲ್ಲಂತ ನನಗ ಗೊತ್ತಿತ್ತು. ಗೊತ್ತಿದ್ದೂ ಸಾಬೂತ ಅಂದೆ. ಮುಂದ ಹನ್ನೆರಡ ದಿನಾನೂ ಅಂದೆ."

ಅವನು ಜಂತಿಯನ್ನು ನೋಡುತ್ತಿದ್ದ.

"ನನಗೂ ಗೊತ್ತಲ್ಲೋ. ನೀ ನನ್ನ ನೋಡ್ದಾಗ ನಾನೂ ನಿನ್ನ ನೋಡಿದ್ದಿಲ್ಲೇನು?"

"ಮತ್ತ ಇಷ್ಟ ವರ್ಷ ಯಾಕ ಅನಲಿಲ್ಲ?"

"ಏನಂತ ಅನ್ಲಿ? ಬ್ಯಾರೇದವ್ರು ಅಂಜ್ತಾನ ಅಂದಾರು, ವಸ್ತಾದರು ನನ್ನ ಕೈಬಿಟ್ಟಾರು ಅಂತ ನನ್ನ ಬಾಯಿಲೆ ಹೇಳಲಾಕ ಬರಲಿಲ್ಲ. ಆದ್ರ ನೀ ನೋಡ್ದಿ ನೋಡು, ಅವತ್ತ ನನಗ ಭಾಳ ಹಗೂರಾತು. ಮಾಣಿಕ ನೋಡ್ಯಾನ, ಇನ್ನ ಹೇಳ್ತಾನ, ಇವತ್ತ ಇಲ್ಲಂದ್ರ ನಾಳಿ ಫೂಟಾ ಅಂತಾನ, ನೆರಳಾಗ ಮಲಗು ಅಂತಾರ, ಯಾರರೆ ಬಾಜೂಕ ಕೂಡ್ತಾರ ಅಂದ್ಕೊಂಡೆ. ದಿನಾ ಮುಂಜಾನೆ ದೀಪ ಬರೋ ದಾರಿ ನೋಡ್ತಿದ್ದೆ. ಹನ್ನೆರಡ ದಿನ ನೋಡ್ದೆ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಅವನು ದೀಪಕ್ಕೆ ಅಂಜಿ ಕಣ್ಣು ತಪ್ಪಿಸುತ್ತಾನೆ ಎಂದುಕೊಂಡು ನಾನು ದೀಪ ತಗ್ಗಿಸಿದ್ದೆ. ಅವನು ಆ ದೀಪಕ್ಕೇ ಕಾಯುತ್ತಿದ್ದ.

"ಕ್ಷಮಾ ಅಂತ…" ಎಂದು ಶುರು ಮಾಡಿದೆ.

"ಏ ಸುಮ್ಮಿರೋ. ಮಾಸ್ತರಂಗ ಭಾಷಣಾ ಮಾಡಬ್ಯಾಡ. ನಿದ್ದಿ ಬರ್ಲಾಕತ್ತದ." ಪಕ್ಕಕ್ಕೆ ಹೊರಳಿದ. ಗೋಡೆಯ ಕಡೆ ಮುಖ ಮಾಡಿ, ಚಿಕ್ಕ ದನಿಯಲ್ಲಿ, "ಕೂಡ್ತೀ ಏನು?" ಎಂದ.

"ಕೂಡ್ತೀನಿ."

"ನಾಕಕ್ಕ ಸ್ಟೇಶನ್ನಿಗಿ ಹೋಗ್ತಿ."

"ಹೋಗಲ್ಲ."

ಅವನ ಎಡಗೈ ಎದೆಯ ಹತ್ತಿರ ಮುಷ್ಟಿಯಾಗಿತ್ತು. ಅಂದು ತಮ್ಮನ ಕೈ ಹಿಡಿದಿದ್ದ ಕೈ. ಅದಕ್ಕೂ ವಯಸ್ಸಾಗಿದೆ, ಗೆಣ್ಣುಗಳು ಬಾತಿವೆ, ಚರ್ಮ ಬಾಳೆಪಟ್ಟಿಯಂತೆ ಒಣಗಿದೆ. ವಸ್ತಾದರು ಮಾಡಿದಂತೆ ನನ್ನ ಕೈ ಅದರ ಮೇಲಿಟ್ಟೆ. ದೂರದಲ್ಲೆಲ್ಲೋ ಎರಡು ಗಂಟೆ ಹೊಡೆಯಿತು. ಓಣಿಯಲ್ಲಿ ಟಾಂಗಾ ಹೋಯಿತು. ಗಿರಣಿಯ ಭೋಂಗಾ ಕೂಗಿದಾಗ ಮುಷ್ಟಿ ಇನ್ನೂ ಬಿಗಿಯಾಯಿತು, ಸಡಿಲಾಯಿತು. ಯಾವ ಗಳಿಗೆಯಲ್ಲಿ ಬೆರಳು ಬಿಚ್ಚಿದವೋ ತಿಳಿಯಲಿಲ್ಲ; ಗಡಿಯಾರ ನೋಡಿರಲಿಲ್ಲ. ನಾಲ್ಕಕ್ಕೆ ನೀಲಮ್ಮ ಬಾಗಿಲಲ್ಲಿ ನಿಂತು ನನ್ನ ರುಮಾಲು ತೋರಿಸಿದಳು. ಬೇಡವೆಂದು ತಲೆಯಾಡಿಸಿದೆ. "ಇವತ್ತ ಹಮಾಲರಿಗಿ ಚಹಾ ಇಲ್ಲ" ಎಂದು ಪಿಸುಗುಟ್ಟಿ ಹೋದಳು. ಆಮೇಲೆ ಒಲೆಯ ಮೇಲಿಂದ ರೊಟ್ಟಿಯ ಹಂಚು ಇಳಿಸುವಾಗಲೂ ಅವಳು ಸದ್ದು ಮಾಡಲಿಲ್ಲ.

ಈ ಒಂದು ಮಧ್ಯಾಹ್ನದ ನಿದ್ದೆ ಆ ಹೆಗಲನ್ನು ಕೂಡಿಸಲಾರದು. ನಾಳೆ ರಾತ್ರಿ ಅವನು ಮತ್ತೆ ತೋಟದಲ್ಲಿ ಕೋಲು ಹಿಡಿದು ನಿಂತಿರುತ್ತಾನೆ, ನಾನು ಇಲ್ಲಿ ಒಂಬತ್ತಕ್ಕೆ ದೀಪ ಆರಿಸಿ ಕಣ್ಣು ತೆರೆದಿರುತ್ತೇನೆ. ಇಬ್ಬರು ಮುದುಕರು ಒಂದೇ ರಾತ್ರಿಯನ್ನು ಎರಡು ಊರಲ್ಲಿ ಕಾಯುವುದು. ಅದರಿಂದ ಯಾರಿಗೂ ಉಪಯೋಗವಿಲ್ಲ.

ಅವನು ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ನೀಲಮ್ಮ ರೊಟ್ಟಿ ಮತ್ತೆ ಬಿಸಿ ಮಾಡಿದಳು. ನಾನು ತಂಬಿಗೆ ತೆಗೆದುಕೊಂಡು ಅಂಗಳದ ಕಲ್ಲಿನ ಹತ್ತಿರ ಹೋದೆ. ಅವನು ಕಲ್ಲಿನ ಮೇಲೆ ಕುಳಿತು, ಧೋತರ ಎತ್ತಿಕೊಂಡು, ಅಂಗಾಲಿನ ಕೆಮ್ಮಣ್ಣನ್ನು ಎಡಗೈಯಿಂದ ತಿಕ್ಕತೊಡಗಿದ. ನಾನು ಅವನ ಮುಖ ನೋಡುತ್ತ ನೀರು ಹಾಕಿದೆ. ನಿದ್ದೆಯ ಗೆರೆ ಗಲ್ಲದ ಮೇಲೆ ಕೌದಿಯ ಹೊಲಿಗೆಯಂತೆ ಮೂಡಿತ್ತು. ಕಣ್ಣು ಸ್ವಲ್ಪ ತಿಳಿಯಾಗಿದ್ದವು.

"ಏ ಹುಚ್ಚಾ, ಎಲ್ಲಿ ನೋಡ್ಲಾಕತ್ತಿ? ನೀರೆಲ್ಲಾ ನೆಲಕ್ಕ ಹೊಂಟದ. ಕಾಲ ನೋಡಿ ಹಾಕೋ!"

ಕಾಲು ನೋಡಲಿಲ್ಲ. ಒಂದು ತಂಬಿಗೆ ಸಾಕಾಗುವ ಕಡೆ ಮೂರು ತಂಬಿಗೆ ಬೇಕಾಯಿತು. ಕೆಂಪು ನೀರು ಅಂಗಳದ ಎರೆಮಣ್ಣಿಗೆ ಇಳಿಯಿತು. ಅವನು ಒಳಗೆ ಹೋದ ಮೇಲೆ ತಂಬಿಗೆಯನ್ನು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದೆ.